ಕೊನೆಯ ಪದದಿಂದ

ನಮ್ಮಪ್ಪ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಪ್ರತಿ ಸಾಲನ್ನೂ ಕೊನೆಯ ಪದದಿಂದ ಹಿಂದಕ್ಕೆ ಓದುತ್ತಿದ್ದರು. "ಅರ್ಥದ ಬೆನ್ನು ಹತ್ತಿದರೆ ತಪ್ಪು ಕಣ್ತಪ್ಪಿಸುತ್ತೆ" ಅನ್ನೋರು. ಅಮ್ಮ ತೀರಿಕೊಂಡ ಮೇಲೆ ಅವಳ ಬೈಬಲನ್ನೂ ದಿನಾ ಬೆಳಿಗ್ಗೆ ಹಾಗೇ ಓದತೊಡಗಿದರು, ಕೈಯಲ್ಲಿ ಕೆಂಪು ಪೆನ್ನು ಬೇರೆ. ಅವಳಿಗೆ ಮಣ್ಣು ಕೊಟ್ಟ ದಿನವೂ ಅಪ್ಪನ ಕಣ್ಣು ಒದ್ದೆಯಾಗಿರಲಿಲ್ಲ. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊನ್ನೆ ಒಂದು ಸಾಲಿನಲ್ಲಿ ಪೆನ್ನು ನಿಂತುಬಿಟ್ಟಿತು. ಸ್ನೇಹಿತ ಸತ್ತಾಗ ಯೇಸು ಅತ್ತ ಸಾಲು ಅದು. ಕೊನೆಯಿಂದ ಓದಿದ್ದಕ್ಕೆ ಅಪ್ಪನಿಗೆ ಮೊದಲು ಅಳು ಸಿಕ್ಕಿತ್ತು, ಆಮೇಲೆ ಅತ್ತವನು. ಅದನ್ನೇ ಮತ್ತೆ ಮೊದಲ ಪದದಿಂದ ಮೆಲ್ಲಗೆ ಓದಿದರು.

"ಏನಪ್ಪಾ, ತಪ್ಪು ಸಿಕ್ತಾ?" ಅಂದೆ.

"ಇಲ್ಲ ಕಣಮ್ಮ," ಅಂದರು, ಪೆನ್ನಿಗೆ ಮುಚ್ಚಳ ಹಾಕುತ್ತಾ. "ನಾನೇ ಸಿಕ್ಕಿಬಿದ್ದೆ."