ಖಾಲಿ ಎಂದರೆ ಇದೆಯೋ, ಇಲ್ಲವೋ

ಕೊರೊನಾದ ಮೊದಲ ವರ್ಷ ನಮ್ಮ ಬಸವೇಶ್ವರನಗರದಲ್ಲಿ ಆಸ್ಪತ್ರೆ ಹಾಸಿಗೆಗಳ ಲೆಕ್ಕ ಇಡುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಅಧಿಕೃತ ಪಟ್ಟಿ ದಿನಕ್ಕೊಮ್ಮೆ ಬದಲಾಗುತ್ತಿತ್ತು, ಹಾಸಿಗೆಗಳು ಗಂಟೆಗೊಮ್ಮೆ. ಹಾಗಾಗಿ ನಾವು ಆರು ಜನ ಬೆಳಿಗ್ಗೆ ಆಸ್ಪತ್ರೆಗಳಿಗೆ ಫೋನ್ ಮಾಡಿ, ಕೇಳಿದ್ದನ್ನು ಎಲ್ಲರೂ ನೋಡಬಹುದಾದ ಒಂದು ಶೀಟಿನಲ್ಲಿ ತುಂಬುತ್ತಿದ್ದೆವು. ನಾನು ಹೈಸ್ಕೂಲಿನ ಕನ್ನಡ ಮೇಡಂ. ಶಾಲೆ ಮುಚ್ಚಿತ್ತು, ತಪ್ಪು ತಿದ್ದುವ ಚಟ ಮುಚ್ಚಿರಲಿಲ್ಲ. ಉಳಿದವರು ಬರೆದ ಸಾಲುಗಳನ್ನೂ ನಾನೇ ತಿದ್ದುತ್ತಿದ್ದೆ. ಸೊಕ್ಕು ಎಂದರೂ ಸರಿಯೇ.

ಒಂದು ಬೆಳಿಗ್ಗೆ ನಮ್ಮ ಹಿಂದಿನ ರಸ್ತೆಯ ನರ್ಸಿಂಗ್ ಹೋಮಿಗೆ ಫೋನ್ ಮಾಡಿದೆ. "ಆಕ್ಸಿಜನ್ ಬೆಡ್ಡಾ? ಖಾಲಿ ಮೇಡಂ," ಎಂದಳು ರಿಸೆಪ್ಷನಿನ ಹುಡುಗಿ. ಪಕ್ಕದಲ್ಲಿ ಇನ್ನೊಂದು ಫೋನ್ ಬಡಿದುಕೊಳ್ಳುತ್ತಿತ್ತು, ಇದನ್ನು ಇಟ್ಟುಬಿಟ್ಟಳು. ನಾನು ಶೀಟಿನಲ್ಲಿ 'ಇಲ್ಲ' ಎಂದು ತುಂಬಿ ಮುಂದಿನ ಆಸ್ಪತ್ರೆಯ ನಂಬರ್ ಒತ್ತಿದೆ.

ಹನ್ನೆರಡರ ಸುಮಾರಿಗೆ ಕೆಳಗಿನ ಮನೆಯಿಂದ ಓನರ್ ಅಂಕಲ್ ಕೂಗಿದರು. ಅವರ ಹೆಂಡತಿಗೆ ಪಾಸಿಟಿವ್ ಬಂದು ನಾಲ್ಕು ದಿನವಾಗಿತ್ತು, ಮನೆಯಲ್ಲೇ ಇದ್ದರು. ಈಗ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಎಂಬತ್ತೆಂಟು ತೋರಿಸುತ್ತಿತ್ತು. ಒಂದು ಮಾತು ಮುಗಿಸಲು ಆಂಟಿ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಶೀಟು ತೆರೆದೆ. ಹತ್ತಿರದಲ್ಲೆಲ್ಲ 'ಇಲ್ಲ'. ಕೆಂಗೇರಿ ಕಡೆಯ ಒಂದರ ಮುಂದೆ ಮಾತ್ರ 'ಇದೆ' ಎಂದಿತ್ತು. ಅಂಕಲ್ ಕಾರಿನ ನಾಲ್ಕೂ ಗಾಜು ಇಳಿಸಿ ಹೊರಟೆವು.

ಕೆಂಗೇರಿಯ ಗೇಟಿನಲ್ಲಿ ಸೆಕ್ಯೂರಿಟಿಯವನು ಕೈ ಆಡಿಸಿದ. "ಇದ್ದಿದ್ದು ಒಂದೇ ಮೇಡಂ, ಅರ್ಧ ಗಂಟೆ ಮುಂಚೆ ಕೊಟ್ಬಿಟ್ರು." ವಾಪಸ್ಸು ಬರುವಾಗ ನಾಯಂಡಹಳ್ಳಿಯ ಹತ್ತಿರ ಅಂಕಿ ಎಂಬತ್ತನಾಲ್ಕಕ್ಕೆ ಇಳಿಯಿತು. ನನಗೆ ಭಯವಾದರೆ ಸಿಟ್ಟು ಬರುತ್ತದೆ. ಮುಂದಿದ್ದ ಲಾರಿಯವನನ್ನು ಬೈದೆ, ಸಿಗ್ನಲನ್ನು ಬೈದೆ.

"ನಮ್ಮನೆ ಹಿಂದ್ಗಡೆದು ಕೇಳಿದ್ಯೇನಮ್ಮ?" ಎಂದರು ಅಂಕಲ್, ರಸ್ತೆಯಿಂದ ಕಣ್ಣು ತೆಗೆಯದೆ.

"ಬೆಳಗ್ಗೆನೇ ಕೇಳ್ದೆ ಅಂಕಲ್. ಖಾಲಿ ಅಂದ್ರು."

"ಖಾಲಿ ಇದ್ರೆ ಮತ್ತೆ ಇಲ್ಲಿಗ್ಯಾಕೆ ಬಂದ್ವಿ?"

ಅಂಕಲ್ ನಲವತ್ತು ವರ್ಷದಿಂದ ಪೋರ್ಷನ್ ಬಾಡಿಗೆಗೆ ಕೊಟ್ಟ ಮನುಷ್ಯ. ಅವರ ಬಾಯಲ್ಲಿ ಮನೆ ಖಾಲಿ ಎಂದರೆ ಬಂದು ಸೇರಿಕೊಳ್ಳಬಹುದು ಎಂದರ್ಥ. ನಾನೋ ದಿನಾ ಅಂಗಡಿ ಮುಂದೆ ನಿಂತು 'ಹಾಲು ಖಾಲಿ' ಎಂದು ಕೇಳಿಸಿಕೊಂಡು ಬರಿಗೈಲಿ ಬರುವವಳು. ಆ ನರ್ಸಿಂಗ್ ಹೋಮಿಗೆ ಮತ್ತೆ ಫೋನ್ ಮಾಡಿದೆ. ಏಳನೇ ಸಲಕ್ಕೆ ಎತ್ತಿದರು.

"ಖಾಲಿ ಅಂದ್ರಲ್ಲ, ಬೆಡ್ ಇದ್ಯಾ, ಇಲ್ವಾ?"

"ಇದೆ ಮೇಡಂ, ಒಂದು. ಬೆಳಗ್ಗೆಯಿಂದ ಯಾರೂ ಬರ್ಲೇ ಇಲ್ಲ. ಬೇಗ ಬನ್ನಿ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಅರ್ಧ ಗಂಟೆಯಲ್ಲಿ ಆಂಟಿಯ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಬಂತು. ಸಂಜೆ ಹೊತ್ತಿಗೆ ಅಂಕಿ ತೊಂಬತ್ತು ದಾಟಿತು. ಅಂಕಲ್ ಹೊರಗಿನ ಮೆಟ್ಟಿಲ ಮೇಲೆ ಕುಳಿತು ನನಗೆ ಕೈ ಮುಗಿದರು. "ನೀನಿದ್ದಿದ್ದಕ್ಕೆ ಬೆಡ್ ಸಿಕ್ತು ಕಣಮ್ಮ."

ಆ ಮಾತು ನಿಜವೇ ಆಗಿತ್ತು. ನಾನು ಊರಿಗೆಲ್ಲ 'ಇಲ್ಲ' ಎಂದು ಹೇಳಿದ್ದರಿಂದಲೇ ಆ ಹಾಸಿಗೆ ನಮಗೆ ಉಳಿದಿತ್ತು. ಸಾಲು ತಿದ್ದೋಣವೆಂದು ಶೀಟು ತೆರೆದರೆ, ಅದರ ಪಕ್ಕದಲ್ಲಿ ಬೆಳಿಗ್ಗೆ ಮೂಡಲಪಾಳ್ಯದವರೊಬ್ಬರು ಬರೆದಿದ್ದರು: 'ಅಪ್ಪನಿಗೆ ಬೇಕು. ಅಲ್ಲಿ ಫೋನ್ ಎತ್ತುತ್ತಿಲ್ಲ. ನಿಜವಾಗಿ ಇಲ್ಲವಾ?' ಕೆಳಗೆ ನನ್ನದೇ ಉತ್ತರ: 'ಇಲ್ಲ. ನಾನೇ ವಿಚಾರಿಸಿದ್ದೇನೆ.' ಹಾಗೆ ಬರೆದದ್ದು ನನಗೆ ನೆನಪೂ ಇರಲಿಲ್ಲ.

ಅವರು ತಮ್ಮ ನಂಬರನ್ನೂ ಬರೆದಿದ್ದರು. ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಆಟೋದ ಸದ್ದು, ಅದರ ನಡುವೆ ಯಾರೋ ಕೆಮ್ಮುತ್ತಿದ್ದರು.

"ಇನ್ನೂ ಸುತ್ತಾ ಇದೀವಿ ಮೇಡಂ. ಬೆಡ್ ಏನಾದ್ರೂ ಸಿಕ್ತಾ?"

ಬೆಳಿಗ್ಗೆ ನಾನು ತಪ್ಪು ಬರೆದಿದ್ದೆ ಎಂದು ಹೇಳಲು ಬಾಯಿ ತೆರೆದೆ, ಧೈರ್ಯ ಬರಲಿಲ್ಲ. ಅದೇ ದಿನ ಅದೇ ಮನುಷ್ಯನಿಗೆ ಎರಡನೇ ಸಲ 'ಇಲ್ಲ' ಎಂದೆ. ಈ ಸಲ ಅದು ನಿಜವಾಗಿತ್ತು.