ನಾಗನಾಥಣ್ಣನ ನಾಲಗೆಗೆ ಬಂದ ಕಹಿ

ನಿಲಂಗಾದ ಧಾನ್ಯ ಬಜಾರಿನ ಹಿಂದೆ ಕಡಲೆ ಹುರಿದು ಪುಠಾಣಿ ಮಾಡುವ ನಾಗನಾಥಣ್ಣನ ಭಟ್ಟಿ ಇದೆ. ಅದರ ಎದುರಿಗೇ ನನ್ನ ಬಟ್ಟೆ ಅಂಗಡಿ. ಇಪ್ಪತ್ತಾರು ವರ್ಷ ಅವನ ಹೊಗೆ ಕುಡಿದು ನನ್ನ ಬಿಳಿ ಧೋತರಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ. ಅದಕ್ಕಾಗಿ ಜಗಳ ಆಡಿದ್ದೇನೆ, ಮಾತು ಬಿಟ್ಟಿದ್ದೇನೆ, ಸಂಜೆಗೆ ಮತ್ತೆ ಅವನ ಕಟ್ಟೆಯ ಮೇಲೆ ಕೂತು ಬಿಸಿ ಪುಠಾಣಿ ಮುಕ್ಕಿದ್ದೇನೆ. ಆದ್ದರಿಂದ ಅವನ ಬಗ್ಗೆ ಬರೆಯುವ ಹಕ್ಕು ನನಗಿದೆ.

ಹುರಿಯುವವನು ಅವನಾದರೂ ಆ ಭಟ್ಟಿಯ ಮೂಗು ಅವನ ಹೆಂಡತಿ ಶಿವಗಂಗಾಬಾಯಿ, ಉದಗೀರದ ಹೆಣ್ಣುಮಗಳು. ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಜರಡಿ ಆಡಿಸುತ್ತ, ಕಡಾಯಿಯ ಕಡೆ ತಿರುಗಿಯೂ ನೋಡದೆ, "ಸಾಕು, ಇಳಸ್ರಿ" ಎನ್ನುತ್ತಿದ್ದಳು. ಅವನು ಇಳಿಸುತ್ತಿದ್ದ. ಒಂದು ಗಳಿಗೆ ತಡವಾದರೆ, "ಕರಕ ಮಾಡಿದ್ರಿ ನೋಡ್ರಿ. ಆ ಮೂಗು ಬರೇ ಚಾಳೀಸ ಇಡಲಿಕ್ಕ ಅದ ಏನು?" ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಅವನು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ. ನಾನು ನನ್ನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಗುತ್ತಿದ್ದೆ.

ಕರೋನಾದ ಎರಡನೆಯ ವರ್ಷ ಇಬ್ಬರೂ ಮಲಗಿದರು. ಆಕೆ ಏಳಲಿಲ್ಲ. ಅವನು ಎದ್ದ, ಆದರೆ ಮೂಗು ನಾಲಗೆ ಎರಡೂ ಸತ್ತಿದ್ದವು. ಇದನ್ನವನು ಯಾರಿಗೂ ಹೇಳಲಿಲ್ಲ. ತಾಟಿನಲ್ಲಿ ಅರ್ಧ ಬಿಟ್ಟು ಏಳುತ್ತಿದ್ದ. ದುಃಖಕ್ಕೆ ಊಟ ಸೇರುತ್ತಿಲ್ಲ ಎಂದು ಊರು ತಿಳಿಯಿತು, ನಾನೂ ಹಾಗೇ ತಿಳಿದೆ. ಹುರಿಯುವವನಿಗೆ ವಾಸನೆ ಹತ್ತುವುದಿಲ್ಲ ಎಂದು ಗೊತ್ತಾದರೆ ಅವನ ಕಡಾಯಿಗೆ ಕಾಳು ಸುರಿಯುವವರು ಯಾರು? ಅವನು ಕಿವಿಯಿಂದ ಹುರಿಯಲು ಕಲಿತ. ಕಾದ ಉಸುಕಿನಲ್ಲಿ ಕಡಲೆ ಸಿಡಿಯುವ ಸದ್ದು ಕೇಳಿ ಇಳಿಸುತ್ತಿದ್ದ. ನಾಲ್ಕು ವರ್ಷ ಹೀಗೇ ಹೋಯಿತು.

ಕೆಲಸಕ್ಕಿಂತ ಊಟ ಅವನಿಗೆ ಕಷ್ಟವಾಗಿತ್ತು. ನಮ್ಮವರಲ್ಲಿ ಉಣ್ಣುವಾಗ ರೂಪವನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಬೇಕು ಎಂದು ಚಿಕ್ಕಂದಿನಲ್ಲೇ ಕಲಿಸುತ್ತಾರೆ. ನಾನಂತೂ ಹಸಿದಾಗ ಮೂರನ್ನೂ ಒಂದೇ ತುತ್ತಿಗೆ ಮುಗಿಸುವವನು. ನಾಗನಾಥಣ್ಣ ಹಾಗಲ್ಲ, ಪ್ರತಿಯೊಂದಕ್ಕೂ ಕಣ್ಣು ಮುಚ್ಚುತ್ತಾನೆ. ಎರಡನೆಯದಾದ ರುಚಿಗೆ ಬಂದರೆ ಕೊಡಲು ಅವನ ಹತ್ತಿರ ಏನೂ ಇರುತ್ತಿರಲಿಲ್ಲ. ದಿನಕ್ಕೆರಡು ಸಲ ದೇವರ ಮುಂದೆ ಬರಿಗೈ. ಒಂದೇ ಒಂದು ರುಚಿ ಬರಲಿ, ಬರೀ ಉಪ್ಪಿನದಾದರೂ ಸರಿ ಎಂದು ಅವನು ಕಾಯುತ್ತಿದ್ದ.

ಹೋದ ದೀಪಾವಳಿಯ ಮುಂದೆ ಅವನ ತಂಗಿಯ ಮಗಳು ದೀಪಾಲಿ ಪುಣೆಯಿಂದ ಬಂದಳು. ಅದಕ್ಕೆ ಎರಡು ತಿಂಗಳ ಮೊದಲು ಆಕೆ ಒಂದು ಚೀಲ ಓಟ್ಸ್, ಒಂದು ಚೀಲ ಜವೆಗೋಧಿ ಕಳಿಸಿ, ಕಾಫಿ ಬೀಜದಷ್ಟು ಕಪ್ಪಗೆ ಹುರಿದು ಕೊಡಿ ಎಂದಿದ್ದಳು. ಬಿಸ್ಕೀಟು ಕಂಪನಿಯಲ್ಲಿ ಕೆಲಸ ಎಂದು ಆಕೆಯ ತಾಯಿ ಎಲ್ಲರಿಗೂ ಹೇಳಿದ್ದರು, ನಾವೂ ನಂಬಿದ್ದೆವು. ಈಗ ದೀಪಾಲಿ ಭಟ್ಟಿಯ ಕಟ್ಟೆಯ ಮೇಲೆ ನಮ್ಮಿಬ್ಬರ ಪಕ್ಕ ಕೂತು ಚೀಲದಿಂದ ಒಂದು ಕಪ್ಪು ಬಾಟಲಿ ತೆಗೆದಳು.

"ಮಾಮಾ, ಖರೇ ಹೇಳ್ತೀನ್ರಿ, ನಾ ಬಿಯರ್ ಮಾಡ್ತೀನಿ. ಇದಕ್ಕ ಸ್ಟೌಟ್ ಅಂತಾರ. ನೀವು ಹುರಿದದ್ದು ಇದರಾಗ ಅದ. ಅವ್ವಗ ಹೇಳಬ್ಯಾಡ್ರಿ."

ನಾಗನಾಥಣ್ಣನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ನಮ್ಮಲ್ಲಿ ಕೊರಳಲ್ಲಿ ಲಿಂಗ ಇದ್ದವರು ಇಂಥದ್ದನ್ನು ಮುಟ್ಟುವುದಿಲ್ಲ.

ಆಕೆ ಸ್ಟೀಲಿನ ಲೋಟಕ್ಕೆ ಬಗ್ಗಿಸಿದಳು. ಭಟ್ಟಿಯ ಗೋಡೆಯ ಮಸಿಯಂಥ ಕಪ್ಪು. ಮೇಲೆ ಕಬ್ಬಿನ ಹಾಲು ಕುದಿಯುವಾಗ ಬರುವಂಥ ಕಂದು ನೊರೆ. "ಬಾಯಾಗ ಹೋಗೂಮುಂದ ಅಂಬಲಿಹಂಗ ನುಣ್ಣಗ, ಅದು ಓಟ್ಸಿಂದು. ಆಮ್ಯಾಲ ಚಾಕ್ಲೇಟ್, ಆಮ್ಯಾಲ ಕಾಫಿ. ಕಡೀಕ ಮಾತ್ರ ಏನೋ ಬ್ಯಾರೆ ಉಳೀತದ, ಹೋಗೂದೇ ಇಲ್ಲ. ಕೋಕೋ ಹೆಚ್ಚಾಯ್ತು ಅಂತಾರ ಅಲ್ಲಿ. ನಿಮ್ಮ ಹಂತ್ಯಾಕ ಕೇಳಿದ್ರ ತಿಳೀತದ ಅಂತ ಬಂದೀನ್ರಿ."

ನಾನು ಬೆರಳು ಅದ್ದಿ ನೆಕ್ಕಿದೆ. ಇದು ನನ್ನ ಮನೆಯಲ್ಲಿ ಗೊತ್ತಿಲ್ಲ. ಪುಠಾಣಿ, ಬೆಲ್ಲ, ಕಷಾಯ ಎಲ್ಲ ಒಂದೇ ಸಲ ಬಾಯಿಗೆ ಬಿದ್ದಂತಾಯಿತು.

ಲಿಂಗ ಇದೆ, ಬೇಡ ಎಂದು ಅವನು ಹೇಳಬಹುದಿತ್ತು. ಆದರೆ ಕುಡಿಯದಿದ್ದರೆ ಮೂಸಿಯಾದರೂ ಹೇಳಿ ಅನ್ನುತ್ತಾಳೆ, ಆಗ ಗುಟ್ಟು ರಟ್ಟಾಗುತ್ತದೆ ಎಂದು ಹೆದರಿದ. ಮನಸ್ಸಿನಲ್ಲೇ ಒಂದು ಶಾಸ್ತ್ರ ಹೊಸೆದುಕೊಂಡ. ರುಚಿಯೇ ಇಲ್ಲದ ನಾಲಗೆಗೆ ಇದೂ ನೀರೇ. ಅರ್ಪಿತವೂ ಇಲ್ಲ, ದೋಷವೂ ಇಲ್ಲ. ಇದನ್ನು ಆಮೇಲೆ ಅವನೇ ನನಗೆ ಹೇಳಿದ್ದು.

ಒಂದು ಗುಟುಕು ಕುಡಿದು "ಛಲೋ ಅದವ್ವಾ" ಎಂದ.

"ಎಲ್ಲಿ ಛಲೋ ಅದ್ರಿ ಮಾಮಾ? ಸರಿಯಾಗಿ ಕುಡೀರಿ."

ಎರಡನೆಯದು ದೊಡ್ಡ ಗುಟುಕು. ನುಂಗಿ ಲೋಟ ಕೆಳಗಿಟ್ಟ.

"ಕಹಿ" ಎಂದ. ನಾಲಗೆಯಿಂದ ತುಟಿ ಸವರಿಕೊಂಡು, "ಕರಕ ಆಗ್ಯದ. ಓಟ್ಸ್ ಅಲ್ಲ, ಜವೆಗೋಧಿ. ಸಿಡಿಯೂ ಸಪ್ಪಳ ನಿಂತ ಮ್ಯಾಲ ನನಗ ತಿಳೀಲಿಲ್ಲ. ಎರಡು ಮಿನಿಟ ಹೆಚ್ಚಾಗ್ಯದ. ತಪ್ಪು ನಂದವ್ವಾ."

ಆಮೇಲೆ ಎಲ್ಲವನ್ನೂ ಹೇಳಿದ. ಮೂಗು ಹೋದದ್ದು, ಕಿವಿಯಿಂದ ಹುರಿದದ್ದು, ದಿನಾ ಬರಿಗೈ ಚಾಚಿದ್ದು. ಎದುರು ಅಂಗಡಿಯಲ್ಲಿ ಕೂತು ನಾಲ್ಕು ವರ್ಷ ನನಗೆ ಏನೂ ಗೊತ್ತಾಗಿರಲಿಲ್ಲ. ನನಗೆ ನಾಚಿಕೆಯಾಯಿತು. ದೀಪಾಲಿ ಕಣ್ಣೊರೆಸಿಕೊಂಡು, ಮತ್ತೆ ಜವೆಗೋಧಿ ತರುತ್ತೇನೆ, ಹುರಿಯುವಾಗ ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ ಎಂದಳು. ನಾಲ್ಕು ಗಂಟೆಯ ಬಸ್ಸಿಗೆ ಹೋದಳು.

ಸಂಜೆ ಉಪ್ಪು, ಹಸಿಮೆಣಸಿನಕಾಯಿ, ಬೆಲ್ಲ ಒಂದೊಂದನ್ನೇ ನಾಲಗೆಯ ಮೇಲಿಟ್ಟು ನೋಡಿದೆವು. ಏನೂ ಹತ್ತಲಿಲ್ಲ. ಬಂದದ್ದು ಆ ಕಹಿ ಒಂದೇ.

ಮರುದಿನ ಪೂಜೆ ಮುಗಿಸಿ ಕಟ್ಟೆಗೆ ಬಂದಾಗ ಅವನ ಮುಖ ಸಣ್ಣದಾಗಿತ್ತು. ನಾಲ್ಕು ವರ್ಷದ ಮೇಲೆ ಸಿಕ್ಕ ಒಂದೇ ರುಚಿ, ಅದೂ ಲಿಂಗಕ್ಕೆ ಕೊಡಲು ಬಾರದ್ದು. ಸಮಾಧಾನಕ್ಕೆಂದು ನಾನು, "ದೇವರು ದೊಡ್ಡಾಂವ, ಅಷ್ಟೆಲ್ಲ ಲೆಕ್ಕ ಇಡಂಗಿಲ್ಲ, ಬಿಡೋ" ಎಂದೆ.

"ದೇವರದು ಬಿಡು. ಅಂವಾ ತಿಳ್ಕೋತಾನ" ಎಂದು ಅವನು ಬಾಗಿಲ ಹತ್ತಿರದ ಶಿವಗಂಗಾಬಾಯಿಯ ಮಣೆ ನೋಡಿದ. ಜರಡಿ ಅದರ ಮೇಲೇ ಇತ್ತು. "ಕರಕ ಆಗ್ಯದ ಅಂತ ನಿನ್ನಿ ನನ್ನ ಬಾಯಿಂದ ನಾನೇ ಹೇಳ್ಬೇಕಾತು ನೋಡೋ."

ನಾನು ಎದ್ದು ಅಂಗಡಿಯ ಶಟರ್ ಎತ್ತಿದೆ. ಅವನು ಕಡಾಯಿಗೆ ಉಸುಕು ಸುರಿದು, ಕಿವಿ ಅತ್ತ ಕೊಟ್ಟು ಕೂತ.