ಮಗ್ದಲೀನ್ ಬಾಯಮ್ಮನ ತೊಟ್ಟಿಲ ಚಪ್ಪರ

ಜೆಪ್ಪುವಿನ ಮಗ್ದಲೀನ್ ಬಾಯಮ್ಮನಿಗೆ ಪರರ ಉಸಾಬರಿ ಎಂದರೆ ಊಟಕ್ಕಿಂತ ರುಚಿ. ಗಂಡ ತೀರಿಕೊಂಡ ಮೇಲೆ ಹಂಪನಕಟ್ಟೆಯ ಅಂಗಡಿಯೊಂದಕ್ಕೆ ಮಕ್ಕಳ ಅಂಗಿ ಹೊಲಿದುಕೊಟ್ಟು ಬದುಕುತ್ತಿದ್ದವಳು ತನ್ನ ಪಾಡಿಗೆ ತೆಪ್ಪಗಿರಬಹುದಿತ್ತು. ಇರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಬಾಗಿ, ಕೂಸು ಮುದ್ದುವಿಗೆ ಹಾಲೂಡಿಸಲು ದಿನಾ ಮಧ್ಯಾಹ್ನ ಮೈಲಿ ದೂರದ ಮನೆಗೆ ಓಡುತ್ತಿದ್ದಳು. ಇನ್ನೊಮ್ಮೆ ತಡವಾದರೆ ಕೆಲಸವಿಲ್ಲ ಎಂದು ಮೇಸ್ತ್ರಿ ಗದರಿದ್ದು ಬಾಯಮ್ಮನ ಕಿವಿಗೆ ಬಿತ್ತು.

ಸಾವಿರದ ಒಂಬೈನೂರ ಇಪ್ಪತ್ತೊಂದರ ಮಾತು. ಕಾರ್ಖಾನೆಯ ಬೆನ್ನಿಗಿದ್ದ ತನ್ನ ಅಂಗಳದಲ್ಲಿ ಬಾಯಮ್ಮ ತೆಂಗಿನ ಮಡಲಿನ ಚಪ್ಪರ ಹಾಕಿ, ಕೆಲಸದ ಹೆಂಗಸರ ಕೂಸುಗಳಿಗೆಂದು ಆರು ಸೀರೆ ತೊಟ್ಟಿಲು ಕಟ್ಟಿದಳು. ಕಾಲ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ, ಕೈಯಲ್ಲಿ ಸೂಜಿ. ದುಡ್ಡು ಬೇಡ, ತಾಯಂದಿರು ಸಂಜೆ ಕೂಸನ್ನು ಎತ್ತಿಕೊಳ್ಳುವ ಮೊದಲು ಅಂಗಿಗಳಿಗೆ ನಾಲ್ಕು ಗುಂಡಿ ಹೊಲಿದುಕೊಟ್ಟರೆ ಸಾಕು. ಆ ಅಂಗಿಗಳ ಸಂಪಾದನೆಯಲ್ಲೇ ಚಪ್ಪರ ನಡೆಯುತ್ತಿತ್ತು.

ಮೂರನೆಯ ದಿನ ಬಾಯಮ್ಮನಿಗೆ ಹುರುಪು ಹೆಚ್ಚಾಯಿತು. ಆರೂ ಕೂಸುಗಳಿಗೆ ಎಣ್ಣೆ ತಿಕ್ಕಿ, ಬಿಸಿನೀರು ಮೀಯಿಸಿ, ಕೆನ್ನೆಯ ಮೇಲೆ ದೃಷ್ಟಿಗೆಂದು ಇಟ್ಟ ಕಾಡಿಗೆ ಬೊಟ್ಟನ್ನೂ ಉಜ್ಜಿ ತೆಗೆದು, ಉಳಿದ ಬಿಳಿ ಬಟ್ಟೆಯಲ್ಲಿ ಹೊಲಿದ ಅಂಗಿ ತೊಡಿಸಿದಳು. ಅಷ್ಟರಲ್ಲಿ ಇಗರ್ಜಿಯ ಮಧ್ಯಾಹ್ನದ ಗಂಟೆ ಬಾರಿಸಿತು. ಶಿಲುಬೆಯ ಗುರುತು ಹಾಕಿ, ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತಳು.

ಹಾಲೂಡಿಸಲು ಓಡಿಬಂದ ತಾಯಂದಿರು ಕಂಡದ್ದು ಒದ್ದೆ ತಲೆ, ಬಿಳಿ ಅಂಗಿ, ಮಣಮಣ ಮಂತ್ರ.

"ಅಯ್ಯೋ ಬಾಯಮ್ಮ, ತಲೆಗೆ ನೀರು ಹಾಕಿ ನಮ್ಮ ಮಕ್ಕಳನ್ನು ಇಗರ್ಜಿಗೆ ಸೇರಿಸಿಬಿಟ್ರಾ?" ಎಂದು ಬಾಗಿ ಎದೆ ಬಡಿದುಕೊಂಡಳು.

"ಎಂತ ಮಾರಾಯ್ತಿ, ನಾನೇನು ಪಾದ್ರಿಯಾ? ಮಕ್ಕಳ ಮೈಯೆಲ್ಲ ಮಣ್ಣು ಇತ್ತು, ಮೀಯಿಸಿದೆ!"

ಯಾರು ಕೇಳುತ್ತಾರೆ? ಮರುದಿನ ಆರು ತೊಟ್ಟಿಲೂ ಖಾಲಿ. ಬಾಯಮ್ಮನಿಗೆ ಅಳುವೇ ಬಂತು. ಅತ್ತು ಮುಗಿಸಿ, ಕಾಡಿಗೆ ಡಬ್ಬಿ ಹಿಡಿದು ಕಾರ್ಖಾನೆಯ ಗೇಟಿಗೆ ನಡೆದಳು. ಮಧ್ಯಾಹ್ನ ಹೊರಬಂದ ಹೆಂಗಸರು ನೋಡುತ್ತಾರೆ, ಅವಳ ಕೆನ್ನೆಯ ಮೇಲೆ ಹುಣಸೆ ಬೀಜದಷ್ಟು ಕರಿ ಬೊಟ್ಟು!

"ನೀರು ಹಾಕಿ ನಾನು ನಿಮ್ಮ ಮಕ್ಕಳ ಜಾತಿ ಕೆಡಿಸಿದ್ದೇ ಆದರೆ, ಬೊಟ್ಟು ಇಟ್ಟು ನನ್ನದೂ ಕೆಟ್ಟಿತು. ಇನ್ನು ನಾವು ನಾವೇ. ನಾಳೆಯಿಂದ ಮೀಯಿಸಿದ ಮೇಲೆ ಬೊಟ್ಟು ಸಹ ನಾನೇ ಇಡ್ತೇನೆ. ಮಕ್ಕಳನ್ನು ತನ್ನಿ!"

ಬಾಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮರುದಿನ ಮೊದಲು ಬಂದವಳು ಅವಳೇ. ಮೇಸ್ತ್ರಿಗೆ ಬೈಯಲು ಮತ್ತೆ ನೆಪ ಸಿಗಲಿಲ್ಲ. ಬೊಟ್ಟಿನ ಸುದ್ದಿ ಕೇಳಿ ಗಂಡನ ಅಣ್ಣ ಸಿಪ್ರಿಯನ್ ಮಾತ್ರ ಒಂದು ತಿಂಗಳು ಮಾತು ಬಿಟ್ಟ.

ಹದಿನೇಳು ವರ್ಷಗಳಲ್ಲಿ ಆರು ತೊಟ್ಟಿಲು ನಲವತ್ತಾದವು. ಚಪ್ಪರದ ಜಾಗದಲ್ಲಿ ಕಟ್ಟಡವೆದ್ದಿತು, ಕಾರ್ಖಾನೆಯವರು ಅದರ ಮಾಡಿಗೆ ಹಂಚು ಕೊಟ್ಟರು. ಹೊಸ ಕಟ್ಟಡ ತೆರೆಯುವ ದಿನ ಊರೇ ನೆರೆದಿತ್ತು, ಫೋಟೋದವನೂ ಬಂದಿದ್ದ. ಈಗ ತೊಟ್ಟಿಲುಗಳ ಉಸ್ತುವಾರಿ ಬಾಗಿಯ ಮಗಳು ಮುದ್ದುವಿನದು. ಅವಳು ಎಲ್ಲರೆದುರೇ ಬಾಯಮ್ಮನ ಸುಕ್ಕು ಕೆನ್ನೆಗೆ ಬೊಟ್ಟು ಒತ್ತಿದಳು.

"ಒರೆಸು ಮಗ್ದಲೀನ್, ಪಾದ್ರಿಗಳು ಬರ್ತಾ ಇದ್ದಾರೆ!" ಸಿಪ್ರಿಯನ್ ಕರವಸ್ತ್ರ ಚಾಚಿದ.

"ಇರಲಿ ಭಾವ," ಎಂದಳು ಬಾಯಮ್ಮ, ಫೋಟೋದವನ ಕಡೆ ಅದೇ ಕೆನ್ನೆ ತಿರುಗಿಸಿ. "ಇವತ್ತು ನೋಡುವವರು ತುಂಬ ಉಂಟು."